ಸ್ಪ್ಯಾಮಿಗೆ ಬಿದ್ದ ಎರಡನೇ ಮೇಲ್

ಹದಿನೆಂಟನೇ ತಾರೀಕು ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಹದಿನೈದು ದಿನದ ಹಿಂದೆ ಕಾರ್ಖಾನೆಯಲ್ಲಿ ಬಾಯ್ಲರ್ ವಾಲ್ವ್ ಸಿಡಿದು ಸುಟ್ಟುಕೊಂಡ ಆಪರೇಟರನ ಅಕ್ಕ ಆಕೆ. ವಾಲ್ವ್ ಕೆಟ್ಟಿದ್ದನ್ನು ಆತ ತಿಳಿಸಲೇ ಇಲ್ಲ, ತಪ್ಪೆಲ್ಲ ಅವನದೇ ಎಂದು ಕಂಪನಿ ನೋಟಿಸ್ ಕೊಟ್ಟಿತ್ತು. ಆತ ಎರಡು ಸಲ ಮೇಲ್ ಮಾಡಿದ್ದ. ಒಂದೂ ತಲುಪಿಲ್ಲ ಎನ್ನುತ್ತಿದ್ದರು ಸುರಕ್ಷತಾ ಅಧಿಕಾರಿ.

“ಎಚ್ಚರ ಆದಾಗೆಲ್ಲ ಒಂದೇ ಕೇಳ್ತಾನೆ ಸರ್, ನನ್ನ ಮೇಲ್ ಹೋಗಿರ್ಲಿಲ್ವಾ ಅಂತ. ಏನು ಹೇಳ್ಲಿ?”

ಎಫ್‌ಐಆರ್ ಮುಗಿಸಿ ಇನ್‌ಸ್ಪೆಕ್ಟರರು ಹೆಡ್ ಕಾನ್‌ಸ್ಟೆಬಲ್‌ನೊಂದಿಗೆ ಕಾರ್ಖಾನೆ ತಲುಪಿದಾಗ ಹನ್ನೆರಡು. ಸುರಕ್ಷತಾ ಅಧಿಕಾರಿ ಉತ್ತರ ಸಿದ್ಧವಿಟ್ಟುಕೊಂಡಿದ್ದರು. ಮೇಲ್‌ನಲ್ಲಿ ಫೋಟೊ ಇತ್ತು, ಸ್ಪ್ಯಾಮ್ ಫಿಲ್ಟರ್ ನುಂಗಿಹಾಕಿರಬೇಕು, ಯಂತ್ರದ ತಪ್ಪಿಗೆ ತಾನೇನು ಮಾಡಲಿ ಎಂದರು. ಇನ್‌ಸ್ಪೆಕ್ಟರರು ಅದನ್ನು ಬರೆದುಕೊಂಡರು.

ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ ಬೇರೆಯೇ ಹೇಳಿದರು. ಫಿಲ್ಟರ್ ಜರಡಿ ಹಿಡಿಯುವುದು ಹೊರಗಿನಿಂದ ಬರುವ ಮೇಲನ್ನು: ಕಳಿಸಿದವರು ಯಾರು, ಲಿಂಕ್ ಎಲ್ಲಿಗೆ ಒಯ್ಯುತ್ತದೆ, ಜೊತೆಗಿರುವ ಫೈಲ್ ಎಂಥದು. ಅನುಮಾನ ಬಂದದ್ದನ್ನು ಸ್ಪ್ಯಾಮ್ ಪೆಟ್ಟಿಗೆಗೆ ತಳ್ಳುತ್ತದೆ. ಒಳಗಿನ ನೌಕರರ ಮೇಲನ್ನು ಅದು ತಾನಾಗಿ ತಡೆಯುವುದಿಲ್ಲ. ಪಡೆಯುವವರೇ ಆ ವಿಳಾಸವನ್ನು ತಡೆಪಟ್ಟಿಗೆ ಸೇರಿಸಬೇಕು. ಇದನ್ನೆಲ್ಲ ಕಳೆದ ತಿಂಗಳು ನೌಕರರನ್ನು ಕೂರಿಸಿ ವಿವರಿಸಿದಾಗ ಅರ್ಧ ಜನ ತೂಕಡಿಸಿದ್ದರು. ಪ್ರಶ್ನೆ ಕೇಳಿದ್ದು ಸುರಕ್ಷತಾ ಅಧಿಕಾರಿ ಒಬ್ಬರೇ.

“ಏನು ಕೇಳಿದ್ರು?”

“ತಡೆದ್ರೆ ಕಳಿಸಿದವರಿಗೆ ಗೊತ್ತಾಗುತ್ತಾ ಅಂತ. ಇಲ್ಲ ಅಂದೆ. ಒಬ್ಬರಾದ್ರೂ ಕೇಳಿಸ್ಕೊಂಡ್ರಲ್ಲ ಅಂತ ಖುಷಿಯಾಗಿತ್ತು ಸರ್.”

ಆಕೆ ಗಡಿಯಾರ ನೋಡಿದರು. ಪೆಟ್ಟಿಗೆಯಲ್ಲಿ ಹದಿನೈದು ದಿನ ಕಳೆದ ಮೇಲ್ ಸಂಜೆ ಐದಕ್ಕೆ ತಾನಾಗಿ ಅಳಿಸಿಹೋಗುತ್ತದೆ. ಮೊದಲನೆಯದು ನಿನ್ನೆಯೇ ಹೋಗಿತ್ತು. ಎರಡನೆಯದರ ಸರದಿ ಇವತ್ತು. ಪೆಟ್ಟಿಗೆ ತೆರೆಯಲು ಜನರಲ್ ಮ್ಯಾನೇಜರರ ಅನುಮತಿ ಬೇಕು, ಅವರು ಮೀಟಿಂಗಿನಲ್ಲಿದ್ದರು.

ಇನ್‌ಸ್ಪೆಕ್ಟರರು ಬಾಗಿಲ ಹೊರಗೆ ಶತಪಥ ಹಾಕಿದರು. ತನ್ನ ಬಡ್ತಿ ಆದೇಶವೂ ಯಾವುದೋ ಸ್ಪ್ಯಾಮಿನಲ್ಲೇ ಕೊಳೆಯುತ್ತಿರಬೇಕು ಎಂದ ಹೆಡ್ ಕಾನ್‌ಸ್ಟೆಬಲ್. 4.10ಕ್ಕೆ ಇನ್‌ಸ್ಪೆಕ್ಟರರ ತಾಳ್ಮೆ ಕೆಟ್ಟಿತು. ಬಾಗಿಲು ತಳ್ಳಿಕೊಂಡು ಒಳಗೆ ಹೋಗಿ ಸಹಿ ಹಾಕಿಸಿಕೊಂಡೇ ಬಂದರು.

4.35ಕ್ಕೆ ಇಬ್ಬರು ಪಂಚರ ಎದುರು ಪೆಟ್ಟಿಗೆ ತೆರೆದು ಪಂಚನಾಮೆ ಬರೆದರು. ಮೇಲ್ ಇತ್ತು. ವಾಲ್ವಿನ ಫೋಟೊ, ಕೆಳಗೆ ಒಂದು ಸಾಲು: ‘ಸೋರಿಕೆ ಹೆಚ್ಚಾಗಿದೆ, ದಯವಿಟ್ಟು ಇವತ್ತೇ ನಿಲ್ಲಿಸಿ ಸರ್.’ ಬಂದದ್ದು ಮೂರನೇ ತಾರೀಕು ಬೆಳಿಗ್ಗೆ 8.15ಕ್ಕೆ. ಅಧಿಕಾರಿಯ ಕಂಪ್ಯೂಟರಿನಲ್ಲಿ ತೆರೆದದ್ದು 8.40ಕ್ಕೆ. ವಾಲ್ವ್ ಸಿಡಿದದ್ದು 11.05ಕ್ಕೆ. ಹಿಂದಿನ ದಿನ ಮೊದಲ ಮೇಲ್ ಬಂದ ಕೂಡಲೇ ಆಪರೇಟರನ ವಿಳಾಸ ತಡೆಪಟ್ಟಿ ಸೇರಿ, ಆ ಮೇಲ್ ಕೂಡ ಸ್ಪ್ಯಾಮ್ ಪೆಟ್ಟಿಗೆಗೆ ಹೋಗಿತ್ತು. ಕೈಯಾರೆ ಅಳಿಸಿದರೆ ಗುರುತು ಉಳಿಯುತ್ತದೆಂದು ಅಧಿಕಾರಿ ಹದಿನೈದು ದಿನ ಸುಮ್ಮನೆ ಕಾದಿದ್ದರು.

“ತಲುಪದ ಮೇಲ್‌ನಲ್ಲಿ ಫೋಟೊ ಇತ್ತು ಅಂತ ನಿಮಗೆ ಹೇಗೆ ಗೊತ್ತಾಯ್ತು?”

ಅಧಿಕಾರಿ ಮೇಜಿನ ಅಂಚು ಸವರಿದರು.

“ಹೋದ ವರ್ಷ ಒಮ್ಮೆ ಬಾಯ್ಲರ್ ನಿಲ್ಲಿಸಿ ಎಲ್ಲರೆದುರು ಉಗಿಸ್ಕೊಂಡಿದ್ದೆ ಸರ್. ಮತ್ತೆ ಧೈರ್ಯ ಬರಲಿಲ್ಲ. ನೋಡಿಲ್ಲ ಅಂದ್ರೆ ಯಾರೂ ಏನೂ ಕೇಳಲ್ಲ ಅನ್ನಿಸ್ತು.”

5.20ಕ್ಕೆ ಬಂಧನ ದಾಖಲಾಯಿತು. ಇವರು ಕೆಟ್ಟ ಮನುಷ್ಯ ಎಂದು ಇನ್‌ಸ್ಪೆಕ್ಟರರಿಗೆ ಅನ್ನಿಸಲಿಲ್ಲ. ಅದಕ್ಕೇ ಇನ್ನಷ್ಟು ಕೋಪ ಬಂತು. ಜೀಪು ಹತ್ತುವ ಮೊದಲು ಆಪರೇಟರನ ಅಕ್ಕನಿಗೆ ಫೋನ್ ಮಾಡಿದರು.

“ಮೇಲ್ ಹೋಗಿತ್ತಮ್ಮ. ಅವರು ಓದಿದ್ರು.”

ಹಿಂದೆ ಆಸ್ಪತ್ರೆಯ ಸದ್ದು ಕೇಳಿಸುತ್ತಿತ್ತು.

“ಹೋಗಿತ್ತು ಅಂತ ಹೇಳ್ತೀನಿ ಸರ್,” ಎಂದಳು ಆಕೆ. “ಓದಿದ್ರು ಅಂತ ಮಾತ್ರ ಹೇಳಲ್ಲ.”