ವೆಂಕಟ ಅಂದ ‘ಆವು’

“ಈ ಮಗೂಗೆ ಹೊಡ್ದಿದ್ದು ಯಾರು?”

ಡಾಕ್ಟರ್ ರಾಧಾ ಕೇಳಿದ ರೀತಿಗೆ ಕದಿರೇಶನ ಮುಖ ಕೆಂಡವಾಯಿತು. ತೀರಿಹೋದ ಅಕ್ಕನ ಮಗ ವೆಂಕಟನನ್ನು ಯಲ್ದೂರಿನಿಂದ ಕೋಲಾರದ ಆಸ್ಪತ್ರೆಗೆ ಎದೆಗವಚಿಕೊಂಡು ತಂದಿದ್ದವನು ಅವನು.

“ಹೊಡ್ಯೋದಾ? ಇವನಿಗೋಸ್ಕರ ಮದ್ವೇನೇ ಬೇಡ ಅಂದೋನು ನಾನು! ಕಾಮಾಲೆಗೆ ಔಷಧಿ ಕೊಡಿ ಅಂದ್ರೆ ಪೊಲೀಸ್ನೋರ ಥರ ಕೇಳ್ತೀರಲ್ಲ!”

“ಹೊಟ್ಟೆ ಮೇಲೆ ಮಾಸಿದ ಗಾಯ ಇದೆ. ಕೇಳೋದು ನನ್ನ ಕೆಲಸ.”

ರಾಧಾಳ ದನಿಯೇನೋ ಗಟ್ಟಿಯಾಗಿತ್ತು. ಒಳಗೆ ಮಾತ್ರ... ‘ಛೆ, ಇವನ ಕಣ್ಣು ಸುಳ್ಳು ಹೇಳ್ತಿಲ್ಲವಲ್ಲ!’

ಹುಡುಗನ ಕಣ್ಣು ಹಳದಿ. ಹೊಟ್ಟೆ ಹಿಂಡುವಂಥ ನೋವು. ಮಲ ಡಾಂಬರಿನಂತೆ ಕಪ್ಪು. ನೇರಳೆ ಹಣ್ಣು ತಿಂದಿದ್ದಾನೆ ಅಂತ ಮನೆಯವರು ಸುಮ್ಮನಿದ್ದರು. ರಕ್ತ ಏರಿಸಿದಷ್ಟೂ ಎಲ್ಲಿಗೋ ಸೋರಿ ಹೋಗುತ್ತಿತ್ತು. ಎಲ್ಲಿಗೆ? ಅದು ತಿಳಿಯದಿದ್ದರೆ ಮಗು ಕೈ ತಪ್ಪುತ್ತದೆ!

ಕದಿರೇಶ ಔಷಧಿ ತರಲು ಹೋದಾಗ ರಾಧಾ ಹುಡುಗನ ತಲೆ ಸವರಿದಳು. “ಏನಾಯ್ತು ಹೇಳು ಪುಟ್ಟಾ...”

“ಆವು...” ಎಂದು ಮುಲುಗಿದ ವೆಂಕಟ.

ಹಾವಾ! ಹಾವನ್ನು ಇಲ್ಲಿಯ ಜನ ‘ಆವು’ ಅನ್ನುವುದನ್ನು ಹಾಸನದ ಹುಡುಗಿ ರಾಧಾ ಕೇಳಿದ್ದಳು. ಗಾಬರಿಯಿಂದ ಕಾಲು, ಕೈ, ಬೆರಳ ಸಂದು ಎಲ್ಲ ತಡಕಿದಳು.

“ಏನ್ ಹುಡುಕ್ತಿದ್ದೀರಾ?” ಕದಿರೇಶ ಬಾಗಿಲಲ್ಲಿ ನಿಂತಿದ್ದ.

“ಹಾವು ಕಚ್ಚಿದ ಗುರುತು!”

“ಆವು ಪೊಡಿಚಿಂದಿ ಮಾಮಾ...” ಹುಡುಗ ಅತ್ತೇಬಿಟ್ಟ.

“ಅಯ್ಯೋ, ಹಾವಲ್ಲ ಡಾಕ್ಟ್ರೇ! ನಮ್ಮನೇಲಿ ತೆಲುಗು. ಆವು ಅಂದ್ರೆ ಹಸು! ಹಸು ಹಾಯ್ದಿದೆ ಅಂತಿದ್ದಾನೆ! ಲೇ, ಕರು ಹಾಕಿರೋ ಹಸು ಹತ್ರ ಹೋಗ್ಬೇಡ ಅಂದಿರ್ಲಿಲ್ವೇನೋ?”

ಮಾವ ಬೈಯುತ್ತಾನೆಂದು ಹೆದರಿ ಮಗು ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ.

ರಾಧಾಳ ಕಣ್ಣು ಹೊಳೆಯಿತು. “ಕೊಂಬಿನ ಪೆಟ್ಟಿಗೆ ಲಿವರ್ ಒಳಗೆ ಗಾಯ ಆಗಿರ್ಬೇಕು. ರಕ್ತ ಪಿತ್ತನಾಳಕ್ಕೆ ಸೋರ್ತಿದೆ. ಅದಕ್ಕೇ ನೋವು, ಕಾಮಾಲೆ, ಕಪ್ಪು ಮಲ... ಮೂರೂ ಒಂದೇ ಕಡೆಯಿಂದ!”

ಸ್ಕ್ಯಾನ್ ಅದನ್ನೇ ಹೇಳಿತು. ಒಳಗಿನ ರಕ್ತನಾಳವೊಂದು ಗುಳ್ಳೆಯಂತೆ ಉಬ್ಬಿ ಒಡೆದಿತ್ತು. ಬೆಂಗಳೂರಿಗೆ ಹೋಗುವ ಆಂಬುಲೆನ್ಸ್‌ನಲ್ಲಿ ರಾಧಾ ತಾನೇ ಕೂತಳು. ದಾರಿಯುದ್ದಕ್ಕೂ ಮಗುವಿನ ನಾಡಿ ಬಿಡಲಿಲ್ಲ. ‘ಹೆತ್ತವಳೂ ಹೀಗೆ ಹಿಡ್ಕೊಂಡಿರ್ತಿದ್ಲೋ ಇಲ್ವೋ...’ ಕದಿರೇಶ ಅವಳನ್ನೇ ನೋಡುತ್ತ ಕೂತ.

ಅಲ್ಲಿ ತೊಡೆಯ ರಕ್ತನಾಳದಿಂದ ದಾರದಂಥ ಕೊಳವೆ ತೂರಿಸಿ, ಲಿವರಿನವರೆಗೆ ಒಯ್ದು, ಸೋರುವ ಜಾಗವನ್ನು ಸಣ್ಣ ಸುರುಳಿಯಿಂದ ಮುಚ್ಚಿದರು. ಹೊಟ್ಟೆ ಕೊಯ್ಯಲೇ ಇಲ್ಲ! ರಕ್ತ ನಿಂತಿತು. ಕಣ್ಣಿನ ಹಳದಿಯೂ ಮೆಲ್ಲಗೆ ಇಳಿಯಿತು.

ಕೋಲಾರದಲ್ಲಿ ಕಡೆಯ ತಪಾಸಣೆಯ ದಿನ ರಾಧಾ ನಗುತ್ತ ಹೇಳಿದಳು: “ಓಡ್ಲಿ, ಕುಣೀಲಿ. ಇನ್ನು ನೀವು ಆಸ್ಪತ್ರೆಗೆ ಬರೋದೇ ಬೇಡ.”

ಹೇಳಿದ ಮೇಲೆ ತನ್ನ ಮಾತೇ ಎದೆಗೆ ಚುಚ್ಚಿತು. ಬರೋದೇ ಬೇಡವಾ?

ಕದಿರೇಶ ಏಳಲಿಲ್ಲ. “ಅವತ್ತು ಬಾಯಿಗೆ ಬಂದಂಗೆ ಅಂದ್ಬಿಟ್ಟೆ...”

“ನಾನೂ ಅನುಮಾನ ಪಟ್ಟೆ.”

“ನಮ್ಮನೆಗೆ ಒಂದ್ಸಲ ಊಟಕ್ಕೆ ಬನ್ನಿ.”

“ಬಂದು, ಉಂಡು, ಹೊರಟುಬಿಡ್ಲಾ?”

ಅವನು ತಲೆ ತಗ್ಗಿಸಿದ. “ಹೊರಡ್ಲೇಬೇಕಾ... ರಾಧಾ?”

ಅವಳ ಕಣ್ಣು ತುಂಬಿ ಬಂತು. “ಬಡಿಸೋರು ‘ಇರು’ ಅಂದ್ರೆ... ಇರ್ತೀನಿ.”