ವಾಪಸ್ ಬಂದ ಚೀಲ

"ನಿಮ್ಮ ಸಾಮಾನು ರಸ್ತೆ ಮ್ಯಾಲ ಬಿದ್ದಿತ್ತು. ವಾಪಸ್ ತಂದೀವಿ, ತಗೋರಿ!"

ಅಂಬಿಕಾ ಚೀಲವನ್ನು ಹೊಸ್ತಿಲ ಮುಂದಿಟ್ಟು, ಬಾಗಿಲು ತೆರೆದವನ ಕೈಗೆ ಒಂದು ಗುಲಾಬಿ ಕೊಟ್ಟಳು. ಹಿಂದೆ ನಿಂತಿದ್ದ ಆರು ಜನ ಚಪ್ಪಾಳೆ ತಟ್ಟಿದರು. ಗೆಳತಿ ಸನೋಬರ್ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದಳು.

ಕಲಬುರಗಿಯ 'ಐತವಾರ ಬಳಗ'ದ ಪದ್ಧತಿಯೇ ಇದು. ಪ್ರತಿ ಐತವಾರ ಬೆಳಿಗ್ಗೆ ಹುಮನಾಬಾದ್ ರಸ್ತೆಯ ಬದಿಯ ಕಸ ಆರಿಸುವುದು. ಕಸದ ಚೀಲದಲ್ಲಿ ಹೆಸರು, ವಿಳಾಸ ಏನಾದರೂ ಸಿಕ್ಕರೆ ಅದನ್ನು ಆ ಮನೆಗೇ ಮುಟ್ಟಿಸುವುದು. ಮನೆಯವರಿಗೆ ಬೈಯುವಂತಿಲ್ಲ. ಬೈಗುಳವೆಲ್ಲ ಬಳಗದವರಿಗೇ ಮೀಸಲು, ಅದನ್ನು ಅಂಬಿಕಾ ಧಾರಾಳವಾಗಿ ಹಂಚುತ್ತಿದ್ದಳು. ವಾರವಿಡೀ ಖೂಬಾ ಪ್ಲಾಟ್ ಬಡಾವಣೆಯ ಲ್ಯಾಬಿನಲ್ಲಿ ಬಾಯಿಮುಚ್ಚಿ ರಕ್ತ ಪರೀಕ್ಷೆ ಮಾಡುವ ಹುಡುಗಿಗೆ ಐತವಾರ ಬಂತೆಂದರೆ ಊರನ್ನೇ ತಿದ್ದುವ ಹುರುಪು.

ಈ ಸಲ ಕಮಲಾಪುರದ ಹತ್ತಿರ, ರಸ್ತೆ ಬದಿಯ ಬೇವಿನ ಗಿಡದ ಬುಡದಲ್ಲಿ ಸಿಕ್ಕ ಚೀಲದ ತುಂಬ ಮದುವೆ ಕಾರ್ಡುಗಳು. ಮದುಮಗ ಅಮರನಾಥ, ಕಮಲಾಪುರದ ಬಾಳೆಹಣ್ಣಿನ ವ್ಯಾಪಾರಿ ದೌಲಪ್ಪನವರ ಮಗ. ಮದುವೆಯ ತಾರೀಖು ಹೋದ ವಾರದ್ದು.

'ಮದುವೆ ಮುಗೀತು, ಉಳಿದ ಕಾರ್ಡು ಬೀದಿಗೆ ಎಸೆದರು!' ಎಂದು ಅಂಬಿಕಾ ಅಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದಳು.

"ಹೊಸಾ ಮದುಮಗಳನ್ನೂ ಕರೀರಿ," ಎಂದಳು ಈಗ ನಗುತ್ತ. "ಇಬ್ಬರೂ ಕೂಡಿ ಒಂದು ಫೋಟೋಕ್ಕ ನಿಂದರ್ರಿ."

ಅಮರನಾಥ ಚೀಲದೊಳಗೆ ಇಣುಕಿದ.

"ಆಕಿ ಇಲ್ರಿ," ಎಂದ. "ಮದುವೀನೇ ಆಗಿಲ್ಲ."

ಚಪ್ಪಾಳೆ ನಿಂತಿತು. ಎದುರು ಮನೆಯವರು ಕಟ್ಟೆಗೆ ಬಂದು ನೋಡುತ್ತಿದ್ದರು. ಅವನ ಹಿಂದಿನಿಂದ ದೌಲಪ್ಪ ಬಂದರು.

"ಅದು ನಾನೇ ಇಟ್ಟು ಬಂದಿದ್ದೆವ್ವಾ... ಕಾರ್ಡಿನ ಮ್ಯಾಲ ದೇವರ ಫೋಟೋ ಅದ. ಸುಡಾಕ ಮನಸ್ಸು ಬರಲಿಲ್ಲ. ಕಸದಾಗ ಹ್ಯಾಂಗ ಹಾಕೂದು? ಗಿಡದ ಬುಡಕ ಇಟ್ರ ತಪ್ಪಾಗೂದಿಲ್ಲ ಅಂದ್ಕೊಂಡೆ."

ಒಳಗೆ ತಾಯಿ ಕಸ್ತೂರಿಬಾಯಿ ಬಿಕ್ಕುವುದು ಕೇಳಿಸಿತು. ದೌಲಪ್ಪನವರೇ ಹೇಳಿದರು: ಮದುವೆಗೆ ನಾಲ್ಕು ದಿನವಿರುವಾಗ ಹುಡುಗಿ, ತನ್ನ ಮನಸ್ಸು ಬೇರೆಯವನಲ್ಲಿದೆ ಎಂದು ತಂದೆಗೆ ಹೇಳಿದ್ದಳಂತೆ. ಭೂಮಿ ಬಾಯಿಬಿಟ್ಟು ನುಂಗಬಾರದೇ ಎಂದು ಅಂಬಿಕಾಗೆ ಅನ್ನಿಸಿತು. ಭೂಮಿಗೆ ಆ ಹೊತ್ತಿಗೆ ಬೇರೆ ಕೆಲಸವಿತ್ತು.

"ಕ್ಷಮಿಸ್ರಿ... ನನಗ ಗೊತ್ತಿರಲಿಲ್ಲ..."

"ಉಪಕಾರ ಆತ್ರಿ," ಎಂದು ಅಮರನಾಥ ಚೀಲ ಎತ್ತಿಕೊಂಡು, ಬಾಗಿಲನ್ನು ಮೆಲ್ಲಗೆ ಮುಚ್ಚಿದ.

ವಾಪಸ್ ಹೊರಟಾಗ ಅಂಬಿಕಾ ಗೆಳತಿಯ ಮೊಬೈಲಿಗೆ ಕೈ ಹಾಕಿದಳು. "ಆ ವಿಡಿಯೊ ಡಿಲೀಟ್ ಮಾಡೆ, ಸನೋಬರ್!"

"ಆಗಲೇ ಮಾಡೀನಿ. ಆದ್ರ ಓಣಿ ಮಂದಿ ಕಣ್ಣಾಗಿಂದು ಹ್ಯಾಂಗ ಡಿಲೀಟ್ ಮಾಡ್ತಿ?"

ಅಂದೇ ಚೀಲ ವಾಪಸ್ ಕೊಡುವ ಪದ್ಧತಿ ನಿಂತುಹೋಯಿತು.

ಮುಂದಿನ ಐತವಾರ ಬೆಳಿಗ್ಗೆ, ಬಳಗದವರು ಗ್ಲೌಸು ಹಾಕಿಕೊಳ್ಳುತ್ತಿದ್ದಾಗ ಒಂದು ಬೈಕು ಬಂದು ನಿಂತಿತು. ಅಮರನಾಥ! ಜಗಳಕ್ಕೇ ಬಂದಿದ್ದಾನೆ ಎಂದು ಅಂಬಿಕಾ ಎರಡು ಹೆಜ್ಜೆ ಹಿಂದೆ ಸರಿದಳು.

"ಒಂದು ಚೀಲ ಕೊಡ್ರಿ," ಎಂದ ಅವನು.

"ನೀವು... ಯಾಕ ಬಂದ್ರಿ?"

"ಮನ್ಯಾಗ ಕುಂತ್ರ ಬಂದವರೆಲ್ಲ ಸಮಾಧಾನ ಹೇಳ್ತಾರ್ರಿ. ಇಲ್ಲಿ ಯಾರೂ ಹೇಳೂದಿಲ್ಲ ಅಂತ ಬಂದೀನಿ."

ಅವನು ನಿಜಕ್ಕೂ ಕೆಲಸ ಮಾಡಿದ. ಮಾತು ಕಡಿಮೆ, ಬೆನ್ನು ಬಗ್ಗಿಸಿದರೆ ಒಂದು ಫರ್ಲಾಂಗು ಮುಗಿಯುವವರೆಗೆ ತಲೆ ಎತ್ತುತ್ತಿರಲಿಲ್ಲ. ಬೇಸಿಗೆ ಕಳೆದು ಮಳೆ ಹಿಡಿಯುವಷ್ಟರಲ್ಲಿ ಅವನಿಲ್ಲದ ಐತವಾರವೇ ಇರಲಿಲ್ಲ. ಗಟಾರಿನಿಂದ ಬಾಟಲಿ ಎಳೆಯುತ್ತ ಒಮ್ಮೊಮ್ಮೆ ತನ್ನಷ್ಟಕ್ಕೆ ನಗುತ್ತಿದ್ದ. ಆ ನಗು ನೋಡಲೆಂದೇ ಅಂಬಿಕಾ ಕೆಲಸ ಬಿಟ್ಟು ನಿಲ್ಲತೊಡಗಿದಳು.

'ಯಾಕೆ ಹೀಗಾಗುತ್ತಿದೆ ನನಗೆ?' ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರ ಇಡೀ ಬಳಗಕ್ಕೆ ಗೊತ್ತಿತ್ತು.

ಅಮರನಾಥನಿಗೆ ಹೊಸ ಗ್ಲೌಸು. ಅಮರನಾಥನಿಗೆ ಮೊದಲ ಚಹಾ. ನೆರಳಿರುವ ಬದಿಯೂ ಅವನಿಗೇ. ಒಮ್ಮೆ ತಾಸು ತಡವಾಗಿ ಬಂದರೂ, "ಪರವಾಗಿಲ್ರಿ, ಆರಾಮ ಬರ್ರಿ," ಎಂದಳು. ಅದೇ ದಿನ ಹತ್ತೇ ನಿಮಿಷ ತಡವಾದ ಬಳಗದ ಶಫಿಗೆ ಎರಡು ಕಿವಿ ಸಾಲದಷ್ಟು ಬೈಗುಳ ಸಿಕ್ಕಿತು.

"ನಮ್ಮ ಮದುವೀನೂ ಮುರೀಬೇಕಿತ್ತು," ಎಂದು ಗೊಣಗಿದ ಶಫಿ. "ಆವಾಗರೆ ನಮಗೂ ಮೊದಲ ಚಹಾ ಸಿಗತಿತ್ತು."

ಆ ಮಾತು ಅಮರನಾಥನ ಕಿವಿಗೂ ಬಿತ್ತು.

ಕೆಲಸ ಮುಗಿದ ಮೇಲೆ, ಚಹಾದಂಗಡಿ ಮುಂದೆ ಇಬ್ಬರೇ ಉಳಿದರು. ಅಂಬಿಕಾ ವಾರದಿಂದ ಧೈರ್ಯ ಕೂಡಿಸಿಕೊಂಡಿದ್ದಳು.

"ನಿಮಗೊಂದು ಮಾತು ಹೇಳಬೇಕಿತ್ರಿ..."

"ಮೊದಲ ನಾ ಕೇಳ್ತೀನಿ. ಅವತ್ತು ನಮ್ಮ ಮನಿಗೆ ಬಂದಿದ್ದು ಇನ್ನಾ ನಿಮ್ಮ ಮನಸಿನ್ಯಾಗ ಅದ ಏನ್ರಿ?"

"ಅದ... ಅದನ್ನ ಹ್ಯಾಂಗ ಮರೀಲಿ?"

ಅಮರನಾಥ ಲೋಟ ಕೆಳಗಿಟ್ಟ. "ಹಂಗಾದ್ರ ತಿಳೀತ್ರಿ. ಎಲ್ಲಾರಿಗೂ ಬೈತೀರಿ, ನನಗ ಒಂದು ದಿನಾನೂ ಬೈದಿಲ್ಲ. ನಮ್ಮ ಅವ್ವನೂ ಈಗ ಹಂಗೇ ಮಾಡಾಕತ್ಯಾಳ, ಸಾರಿನ್ಯಾಗ ಉಪ್ಪು ಕಮ್ಮಿ ಅಂದ್ರೂ ಕಣ್ಣೀರು ಹಾಕ್ತಾಳ. ಕನಿಕರ ನಮ್ಮ ಮನ್ಯಾಗ ಬೇಕಾದಷ್ಟು ಅದ ರೀ. ಅದಕ್ಕಂತ ಇಷ್ಟು ದೂರ ಬರಬೇಕಾಗಿಲ್ಲ."

'ಕನಿಕರ ಅಲ್ಲ!' ಎಂದು ಅಂಬಿಕಾಳ ಜೀವ ಕೂಗಿತು. ಊರಿಗೆಲ್ಲ ಬೈಯುವ ಬಾಯಿ ಬೇಕಾದ ಹೊತ್ತಿಗೆ ಕೈಕೊಟ್ಟಿತು. ಬೈಕು ಹೊರಟುಹೋಯಿತು.

ಒಂದು ಐತವಾರ ಅವನು ಬರಲಿಲ್ಲ. ಎರಡನೆಯದಕ್ಕೂ ಇಲ್ಲ. ಅಂಬಿಕಾ ರಾತ್ರಿ ಹೊರಳಾಡಿ, ಕಣ್ಣೊರೆಸಿಕೊಂಡು, ಪ್ರಾಮಾಣಿಕವಾಗಿ ಯೋಚಿಸಿದಳು. ಅವನು ಹೇಳಿದ್ದೇ ನಿಜವಿರಬಹುದೇ? ತಪ್ಪು ಮಾಡಿದವಳ ಸಂಕಟವನ್ನೇ ತಾನು ಪ್ರೀತಿ ಅಂದುಕೊಂಡೆನೇ? ಕೊನೆಗೊಂದು ಉತ್ತರ ಸಿಕ್ಕಿತು. ಬಾಯಿಬಿಟ್ಟು ಹೇಳಿಕೊಳ್ಳುವಂಥ ಉತ್ತರ ಅದಾಗಿರಲಿಲ್ಲ.

ಮೂರನೆಯ ಐತವಾರ ಬಳಗ ಕಮಲಾಪುರದ ಬದಿಗೇ ಇತ್ತು. ಒಂದು ಬದಿ ಮುಗಿಸಿ ವಾಪಸ್ ಬರುತ್ತ ತಿರುವು ದಾಟಿದರೆ ಒಂದು ಟೆಂಪೋ ನಿಂತಿದೆ, ಗಾಲಿ ಪಂಕ್ಚರ್. ಹಗುರ ಮಾಡಲೆಂದು ಅದರಲ್ಲಿದ್ದ ಒಣ ಬಾಳೆ ಎಲೆ, ಕೊಳೆತ ಹಣ್ಣನ್ನೆಲ್ಲ ಒಬ್ಬ ರಸ್ತೆ ಬದಿಗೆ ಸುರಿಯುತ್ತಿದ್ದಾನೆ. ಆಗತಾನೇ ಬಳಗದವರು ಚೊಕ್ಕಟ ಮಾಡಿದ ಜಾಗ!

ಸುರಿಯುತ್ತಿದ್ದವನು ಅಮರನಾಥ.

"ಗಾಲಿ ಹಾಕಿದ ಮ್ಯಾಲ ಇದನ್ನೆಲ್ಲ ತುಂಬ್ಕೊಂಡು ಹೋಗಾವ್ರು ಇದ್ರೇನು?" ಅಂಬಿಕಾಳ ದನಿ ಆಗಲೇ ಏರಿತ್ತು.

ಅವನು ಸುಳ್ಳು ಹೇಳಲಿಲ್ಲ. "ಇಲ್ರಿ. ಬಿಟ್ಟು ಹೋಗಾಂವ ಇದ್ದೆ."

"ಬುದ್ಧಿ ಅದನೋ ಇಲ್ಲೋ ನಿಮಗ? ಐದು ತಿಂಗಳು ನಮ್ಮ ಜೊತೀನೇ ಕಸ ಆರಿಸಿ, ಈಗ ಇಲ್ಲೇ ತಂದು ಸುರೀತೀರಿ! ನಾಚಿಕಿ ಆಗೂದಿಲ್ಲಾ? ಅಲ್ಲಿ ಹುಡುಗರು ಗಟಾರದಾಗ ಇಳದು ಕೈ ಕೊಯ್ಕೊಂಡಾರ!"

ಬಳಗದವರು ದೂರದಲ್ಲೇ ನಿಂತರು. ಅಮರನಾಥನ ತುಟಿಯ ಮೇಲೆ ನಗು ಮೂಡುತ್ತಿತ್ತು. ಅದು ಅವಳನ್ನು ಇನ್ನಷ್ಟು ಕೆರಳಿಸಿತು.

"ನಗಬ್ಯಾಡ್ರಿ! ಕನಿಕರ ಅಂತ ಕನಿಕರ! ಕೇಳ್ರಿ ಇಲ್ಲಿ. ನಿಮ್ಮ ಮದುವಿ ಮುರದದ್ದಕ್ಕ ನನಗ ಕೂದಲಷ್ಟೂ ದುಃಖ ಇಲ್ಲ! ಖುಷಿನೇ ಆಗ್ಯಾದ! ಆ ಮದುವಿ ಆಗಿದ್ರ... ಆಗಿದ್ರ ನಾ ಏನು ಮಾಡ್ಬೇಕಿತ್ತು?"

ಹೇಳಿದ ಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಗ್ಲೌಸಿನ ಕೆಸರೆಲ್ಲ ಕೆನ್ನೆಗೆ ಹತ್ತಿತು. ರಸ್ತೆಯಲ್ಲಿ ಎರಡು ಲಾರಿ ದಾಟಿಹೋದವು.

ಅಮರನಾಥ ಬಗ್ಗಿ ಬಾಳೆ ಎಲೆ ಬಳಿದು ಚೀಲಕ್ಕೆ ತುಂಬತೊಡಗಿದ. ಅಂಬಿಕಾ ಅಳುತ್ತಲೇ ಚೀಲದ ಬಾಯಿ ಹಿಡಿದು ನಿಂತಳು.

"ಅಂಬಿಕಾ... ಖರೇನೇ ಖುಷಿ ಆಗಿತ್ತೇನು?"

"ಆಗಿತ್ತು. ನಾ ಕೆಟ್ಟಾಕಿ ಅಂತ ಅನ್ಕೋರಿ, ಪರವಾಗಿಲ್ಲ."

"ನನಗೂ ಆಗ್ಯಾದ," ಎಂದ ಅವನು ತಲೆ ಎತ್ತದೆ. "ಭಾಳ ದಿನ ಆತು. ಮದುವಿ ಮುರಕೊಂಡಾಂವ ಇಷ್ಟು ಖುಷಿಲೇ ಇದ್ರ ಮಂದಿ ಏನಂದಾರು ಅಂತ ಸುಮ್ಮನಿದ್ದೆ."

"ಮಂದಿ ಅಂದ್ರ ಯಾರು?"

"ನೀವೇ ರೀ. ಮತ್ತ್ಯಾರು?"

ಅಂಬಿಕಾ ಮುಂಗೈಯಿಂದ ಕಣ್ಣೊರೆಸಿಕೊಂಡಳು. "ಮುಂದಿನ ಸಲದಿಂದ ಆರಕ್ಕ ಬರ್ರಿ. ತಡ ಆದ್ರ ಎಲ್ಲಾರ ಮುಂದ ಬೈತೀನಿ."

"ಐತವಾರ ಅಷ್ಟೇ ಬೈತೀರೇನು?" ಅವನು ಈಗ ಅವಳ ಮುಖವನ್ನೇ ನೋಡುತ್ತಿದ್ದ. "ದಿನಾ ಬೈಯೂ ವಿಚಾರ ಇದ್ರ ಹೇಳ್ರಿ... ಅಪ್ಪ-ಅವ್ವನ್ನ ಕರ್ಕೊಂಡು ಮುಂದಿನ ಐತವಾರ ನಿಮ್ಮ ಮನಿಗೆ ಬರ್ತೀನಿ."

ಅವಳು ಚೀಲದ ಬಾಯಿಯನ್ನು ಗಟ್ಟಿಯಾಗಿ ಕಟ್ಟಿದಳು.

"ಐತವಾರ ಬ್ಯಾಡ್ರಿ, ನನಗ ಕೆಲಸ ಅದ," ಎಂದಳು. "ನಾಳೆ ಬರ್ರಿ."