ನೂರ ನಲವತ್ತು ಕುಂಡಗಳು

ಹದಿನಾಲ್ಕು ಪುಟಗಳ ಆ ಪ್ರಬಂಧದಲ್ಲಿ ಅವನ ಪಾಲಿಗೆ ಬಂದದ್ದು ಎರಡೇ ಪದ: ಸ್ಥಳೀಯ ಸಹಾಯಕ. ಅದೂ ಕೊನೆಯ ಪುಟದ ಅಡಿಯಲ್ಲಿ, ಜೀಪಿನ ಚಾಲಕನಿಗೆ ಕೃತಜ್ಞತೆ ಹೇಳಿದ ಸಾಲಿನಲ್ಲೇ. ಚಾಲಕನ ಹೆಸರಾದರೂ ಅಚ್ಚಾಗಿತ್ತು.

ಗಿಡವನ್ನು ಕಂಡುಹಿಡಿದವನು ಅವನು. ಬೆಟ್ಟದ ಬುಡದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸಸಿಗಳ ನರ್ಸರಿ ನಡೆಸುತ್ತಿದ್ದವನಿಗೆ ಮೇಲಿನ ಕಲ್ಲುಜಾರಿನಲ್ಲಿ, ಮೊಣಕಾಲೆತ್ತರದ ಒಂದು ಪೊದೆ ಕಣ್ಣಿಗೆ ಬಿದ್ದಿತ್ತು. ತನಗೆ ಗೊತ್ತಿಲ್ಲದ ಗಿಡವೊಂದು ಈ ಬೆಟ್ಟದಲ್ಲಿದೆ ಎಂಬುದೇ ಅವನಿಗೆ ಸೋಜಿಗ. ಹೆಂಡತಿಯ ತಂಗಿ ಸಸ್ಯವಿಜ್ಞಾನದ ಸಂಸ್ಥೆಯೊಂದರಲ್ಲಿ ಸಂಶೋಧಕಿ. ಅವಳನ್ನು ಕರೆತಂದು, ಕೈಹಿಡಿದು ಕಲ್ಲು ಹತ್ತಿಸಿ ತೋರಿಸಿದ. ವರ್ಷ ಕಳೆಯುವುದರೊಳಗೆ ಅದು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಗಿಡ ಎಂದು ಸಾಬೀತಾಯಿತು. ಅವಳು ಅದಕ್ಕೆ ತನ್ನ ಗುರುವಿನ ಹೆಸರಿಟ್ಟಳು.

"ಅದು ಪದ್ಧತಿ, ಭಾವ," ಎಂದಿದ್ದಳು ಅವನು ಕೇಳಿದಾಗ. "ತೋರಿಸಿದವರ ಹೆಸರೆಲ್ಲ ಹಾಕ್ತಾ ಹೋದ್ರೆ ಪುಟ ಸಾಲಲ್ಲ."

ಅವಳು ನಗುತ್ತ ಹೇಳಿದ್ದಳು. ಅವನೂ ನಕ್ಕಿದ್ದ. ಆ ನಗು ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡು ಒಂಬತ್ತು ವರ್ಷವಾಗಿತ್ತು.

ಆಮೇಲೆ ಕಲ್ಲುಜಾರಿಗೆ ತಂತಿಬೇಲಿ ಬಿತ್ತು. ಒಳಗಿದ್ದದ್ದು ಇನ್ನೂರ ಹನ್ನೆರಡು ಗಿಡ. ಪ್ರತಿಯೊಂದಕ್ಕೂ ಒಂದು ತಗಡಿನ ಬಿಲ್ಲೆ, ಬಿಲ್ಲೆಗೊಂದು ಸಂಖ್ಯೆ. ಕುಳ್ಳಗಿದ್ದದ್ದು, ಸೊಟ್ಟ ಬೆಳೆದದ್ದು, ಎಲೆ ಸುರುಟಿದ್ದು, ಎಲ್ಲದರ ಜಾತಕವೂ ಅವಳ ಪುಸ್ತಕದಲ್ಲಿತ್ತು. ಒಮ್ಮೆ ಅವನು ಬೇಲಿಯ ಬಾಗಿಲಿಗೆ ಹೋದಾಗ ಕಾವಲುಗಾರ ಅಡ್ಡ ನಿಂತ.

"ಮೇಡಂ ಚೀಟಿ ಇದ್ಯಾ?"

"ಅವಳು ನನ್ನ ನಾದಿನಿ ಕಣಯ್ಯ."

"ನಾದಿನಿಯಾದ್ರೂ ಚೀಟಿ ಕೊಟ್ಟಿರ್ಬೇಕಲ್ಲ, ಸ್ವಾಮಿ."

ಆ ದಿನ ಇಳಿಜಾರಿನಲ್ಲಿ ಇಳಿಯುತ್ತಲೇ ಅವನಿಗೆ ಮೊದಲ ಬಾರಿಗೆ ಅನ್ನಿಸಿತು: ಒಳಗಿರುವುದೆಲ್ಲ ನಾಶವಾದರೆ, ಉಳಿಯುವುದು ನನ್ನಲ್ಲಿರುವುದು ಮಾತ್ರ.

ಏಕೆಂದರೆ ಅವನಲ್ಲಿ ಇತ್ತು. ಬೇಲಿ ಹಾಕುವ ಮುಂಚೆಯೇ ಅಲ್ಲಿನ ಅತ್ಯಂತ ಎತ್ತರದ, ಸೊಂಪಾದ ಗಿಡದಿಂದ ಕಡ್ಡಿಗಳನ್ನು ಕತ್ತರಿಸಿ ತಂದು ಬೇರು ಬರಿಸಿದ್ದ. ಬೀಜದಿಂದ ಸಸಿ ಮಾಡುವವರನ್ನು ಕಂಡರೆ ಅವನಿಗೆ ಮೊದಲಿನಿಂದಲೂ ತಾತ್ಸಾರ. ಬೀಜ ಬಿತ್ತಿದರೆ ಹತ್ತು ಬಗೆಯ ಮಕ್ಕಳು. ಒಳ್ಳೆಯ ತಾಯಿಗಿಡದ ಕಡ್ಡಿ ನೆಟ್ಟರೆ ಹತ್ತೂ ತಾಯಿಯೇ. ಅವನ ಗುಲಾಬಿಗೆ ಹೆಸರು ಬಂದದ್ದೇ ಹಾಗೆ. ಹಿತ್ತಲಿನ ಗಾಜಿನ ಮನೆಯಲ್ಲಿ ಈಗ ನೂರ ನಲವತ್ತು ಕುಂಡಗಳು, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ, ಒಂದೇ ಎತ್ತರಕ್ಕೆ ನಿಂತಿದ್ದವು. ಬಾಗಿಲಿಗೆ ಬೀಗ. ಕೇಳಿದವರಿಗೆ ಬೇಲಿಗಿಡ ಎನ್ನುತ್ತಿದ್ದ. ಹೆಂಡತಿ ಮಾತ್ರ ಒಮ್ಮೆ, "ರೀ, ಬೇಲಿಗಿಡಕ್ಕೆ ಯಾರಾದ್ರೂ ದಿನಾ ಎಲೆ ಒರೆಸ್ತಾರಾ? ನನ್ನ ಮುಖ ನೋಡಿ ಎಷ್ಟು ದಿನ ಆಯ್ತು?" ಎಂದಿದ್ದಳು.

ಗಿಡದ ಸ್ವಭಾವವೇ ಅವನ ಯೋಜನೆಗೆ ಹೇಳಿ ಮಾಡಿಸಿದಂತಿತ್ತು. ಹನ್ನೆರಡು ವರ್ಷಕ್ಕೆ ಒಮ್ಮೆ ಹೂ ಬಿಟ್ಟು, ಬೀಜ ಉದುರಿಸಿ, ಇಡೀ ಪೀಳಿಗೆ ಒಟ್ಟಿಗೆ ಸಾಯುವ ಜಾತಿ ಅದು. ಹಳೆಯ ಒಣಕಾಂಡಗಳ ಉಂಗುರ ಎಣಿಸಿ ನಾದಿನಿಯೇ ಇದನ್ನು ಬರೆದಿದ್ದಳು. ಕಡ್ಡಿ ನೆಟ್ಟರೂ ಗಿಡದ ವಯಸ್ಸು ಬದಲಾಗದು ಎಂಬುದು ಅವನಿಗೆ ಕಸುಬಿನಿಂದಲೇ ಗೊತ್ತಿತ್ತು. ಈ ವರ್ಷ ಬೆಟ್ಟದ ಮೇಲೂ ಮೊಗ್ಗು, ಗಾಜಿನ ಮನೆಯಲ್ಲೂ ಮೊಗ್ಗು. ಮೇಲಿನವು ಅರಳುವ ಮೊದಲೇ ಅಳಿದರೆ, ಜಗತ್ತಿನಲ್ಲಿ ಆ ಗಿಡದ ಬೀಜ ಸಿಗುವುದು ಒಂದೇ ಬಾಗಿಲಲ್ಲಿ. ಆ ಬಾಗಿಲು ತಟ್ಟುವವಳು ಯಾರೆಂದು ಅವನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದ. ಅವಳು ತರಬೇಕಾದ ಕಾಗದದಲ್ಲಿ ಏನು ಬರೆದಿರಬೇಕೆಂಬುದನ್ನೂ ಯೋಚಿಸಿಟ್ಟಿದ್ದ.

ಬೆಂಕಿ ಬೇಡ; ಬೆಂಕಿಗೆ ತನಿಖೆಯಾಗುತ್ತದೆ. ಕಳೆನಾಶಕ ಬೇಡ, ಮಣ್ಣಿನಲ್ಲಿ ಗುರುತು ಉಳಿಯುತ್ತದೆ. ಅವನು ಆರಿಸಿಕೊಂಡದ್ದು ಉಪ್ಪು.

ಪ್ರತಿ ವರ್ಷ ಚಳಿ ಶುರುವಾಗುವ ಮುಂಚೆ ಒಬ್ಬ ಮುದುಕ ತನ್ನ ಇನ್ನೂರು ಆಡುಗಳನ್ನು ಮೇಲಿನ ಹುಲ್ಲುಗಾವಲಿನಿಂದ ಕೆಳಕ್ಕೆ ಹೊಡೆದುಕೊಂಡು ಬರುತ್ತಿದ್ದ. ದಾರಿ ಬೇಲಿಯ ಪಕ್ಕದ ತೊರೆಯ ಗುಂಟ. ಗಿಡದ ಎಲೆ ಕಹಿ, ಆಡುಗಳು ಮೂಸಿ ಬಿಟ್ಟುಬಿಡುತ್ತವೆ. ಆದ್ದರಿಂದಲೇ ಸಂಸ್ಥೆಯವರಿಗೆ ಆಡಿನ ಭಯವಿರಲಿಲ್ಲ. ಆದರೆ ಉಪ್ಪು ಹತ್ತಿದ ಎಲೆಯನ್ನು ಯಾವ ಆಡೂ ಬಿಡದು. ಹಿಂಡು ತಿಂದುಹೋದ ಮೇಲೆ ಸಾಕ್ಷ್ಯವೂ ಅದರ ಹೊಟ್ಟೆಯಲ್ಲೇ.

ಸೋಮವಾರ ಕಾವಲುಗಾರ ದಿನಸಿಗೆಂದು ಕೆಳಗಿಳಿಯುತ್ತಿದ್ದ; ಈ ಸಲ ಆಡುಗಳು ಇಳಿಯುವುದೂ ಅಂದೇ ಎಂದು ಅವನು ವಿಚಾರಿಸಿಕೊಂಡಿದ್ದ. ಬೆನ್ನಿಗೆ ಸಿಂಪಡಣೆಯ ಡಬ್ಬಿ ಹೊತ್ತ ನರ್ಸರಿಯವನನ್ನು ದಾರಿಯಲ್ಲಿ ಮೂವರು ನೋಡಿದರು. ಯಾರೂ ಎರಡನೇ ಸಲ ನೋಡಲಿಲ್ಲ. ತೊರೆ ದಾಟುವಲ್ಲಿ ಬೇಲಿಯ ಎರಡು ಗೂಟಗಳನ್ನು ಅಲುಗಾಡಿಸಿ ಮಲಗಿಸಿದ. ಪ್ರತಿ ವರ್ಷ ನೀರೇ ಮಾಡುತ್ತಿದ್ದ ಕೆಲಸ ಅದು. ತೊರೆಯ ನೀರಿಗೆ ಉಪ್ಪು ಕಲಕಿ, ಬಿಲ್ಲೆಯ ಸಂಖ್ಯೆ ಹಿಡಿದು ಒಂದನ್ನೂ ಬಿಡದೆ ಸಿಂಪಡಿಸಿದ. ಕುಳ್ಳ ಗಿಡಗಳನ್ನು ಕಂಡಾಗ, ಇವಕ್ಕೂ ಒಂದು ನಂಬರು ಕೊಟ್ಟಳಲ್ಲ ಎಂದು ನಗು ಬಂತು. ಮಧ್ಯಾಹ್ನ ಹಿಂಡು ಬಂತು. ಮುದುಕ ಕೂಗಿದ, ಕೋಲು ಬೀಸಿದ, ಅಂಗಲಾಚಿದ. ಹಿಂಡು ಅತ್ತ ತಿರುಗಿಯೂ ನೋಡಲಿಲ್ಲ. ಹಿಂಡು ಇಳಿದುಹೋದ ಮೇಲೆ ಅವನು ಬಂಡೆಯ ಮರೆಯಿಂದೆದ್ದು ಮತ್ತೊಮ್ಮೆ ಎಣಿಸಿದ. ಬಿರುಕಿನಲ್ಲಿ ಮೂರು ಗಿಡ ಉಳಿದಿದ್ದವು. ಕಿತ್ತು, ತೊರೆಗೆ ಎಸೆದ.

ಎಲ್ಲವೂ ಅಂದುಕೊಂಡಂತೆಯೇ ಆಯಿತು. ತನಿಖೆಗೆ ಬಂದ ಅಧಿಕಾರಿ ಬಿದ್ದ ಗೂಟ ನೋಡಿದ, ಹಿಕ್ಕೆ ನೋಡಿದ, ಮುದುಕನ ಮೇಯಿಸುವ ಪರವಾನಗಿ ರದ್ದು ಮಾಡಿದ. "ಪಾಪ, ಮೂಕಪ್ರಾಣಿಗಳು, ಅವಕ್ಕೇನು ಗೊತ್ತಾಗುತ್ತೆ," ಎಂದು ನರ್ಸರಿಯವನು ಮುದುಕನ ಪರವಾಗಿ ಎರಡು ಮಾತನ್ನೂ ಆಡಿದ. ನಾದಿನಿ ಮೂರು ದಿನ ಬೆಟ್ಟದ ಮೇಲೆ ಬೇರು ಹುಡುಕಿದಳಂತೆ. ಮೊಗ್ಗು ಬಂದ ಮೇಲೆ ಆ ಗಿಡಕ್ಕೆ ಮತ್ತೆ ಚಿಗುರುವ ಶಕ್ತಿ ಇರುವುದಿಲ್ಲ. ನಾಲ್ಕನೇ ದಿನ ಅವನು ಹೆಂಡತಿಯ ಮುಂದೆ, ಏನೋ ಥಟ್ಟನೆ ನೆನಪಾದವನಂತೆ, ಹಿತ್ತಲಿನ ಕುಂಡಗಳ ವಿಷಯ ತೆಗೆದ; ತಂಗಿ ಬರುವುದಾದರೆ ಎಂಥ ಕಾಗದ ತರಬೇಕೆಂಬುದನ್ನೂ ಹೇಳಿದ.

ಮರುದಿನ ಬೆಳಿಗ್ಗೆಯೇ ನಾದಿನಿ ಬಂದಳು. ಗಿರಾಕಿಗಳು ನಿಲ್ಲುವ ಕಟ್ಟೆಯ ಆಚೆಗೆ ಅವಳನ್ನು ಅರ್ಧ ಗಂಟೆ ನಿಲ್ಲಿಸಿ, ಅವನು ಗುಲಾಬಿಗೆ ನೀರು ಹಾಕಿದ.

"ಭಾವ, ನಿಮ್ಮ ಕಾಲಿಗೆ ಬೀಳ್ತೀನಿ. ತೋರ್ಸಿ."

"ಚೀಟಿ ತಂದಿದ್ಯಾ?"

ಅವಳು ತಲೆ ತಗ್ಗಿಸಿದಳು. ತಂದಿದ್ದಳು. ಸಂಸ್ಥೆಯ ಮೊಹರಿನ ಕಾಗದದಲ್ಲಿ, ಗಿಡವನ್ನು ಮೊದಲು ಕಂಡವನೂ ಈಗ ಉಳಿಸಿದವನೂ ಇವನೇ ಎಂದು, ಅವನ ಪೂರ್ಣ ಹೆಸರಿನೊಂದಿಗೆ ಬರೆದಿತ್ತು. ಅವನು ಎರಡು ಸಲ ಓದಿ, ಮಡಚಿ ಜೇಬಿಗಿಟ್ಟುಕೊಂಡು, ಬೀಗ ತೆಗೆದ.

ಮೊಗ್ಗುಗಳು ಅರಳಲು ಶುರುವಾಗಿದ್ದವು. ಗಾಜಿನ ಮನೆಯ ಉದ್ದಕ್ಕೂ ನೇರಳೆ. ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಆ ಅಳುವನ್ನು ಅವನು ನಿಧಾನವಾಗಿ, ಪೂರ್ತಿಯಾಗಿ ನೋಡಿದ. ನಂತರ ಅವಳು ಕಣ್ಣೊರೆಸಿಕೊಂಡು ಚೀಲದಿಂದ ಒಂದು ನಮೂನೆ ತೆಗೆದು ತುಂಬತೊಡಗಿದಳು. ಕುಂಡಗಳ ಸಂಖ್ಯೆ, ನೆಟ್ಟ ವರ್ಷ, ಮಣ್ಣು.

"ಎಷ್ಟು ತಾಯಿಗಿಡದಿಂದ ಕಡ್ಡಿ ತಗೊಂಡ್ರಿ ಭಾವ?"

"ಒಂದೇ," ಎಂದ ಅವನು ಎದೆಯುಬ್ಬಿಸಿ. "ಇಡೀ ಗುಡ್ಡದಲ್ಲಿ ಅದಕ್ಕಿಂತ ಒಳ್ಳೇದು ಇರ್ಲಿಲ್ಲ. ನಾನು ಕಂಡಕಂಡದ್ದನ್ನ ತಂದು ಬೆರೆಸೋನಲ್ಲ."

ಅವಳ ಪೆನ್ನು ನಿಂತಿತು. ಸಾಲುಗಟ್ಟಿದ ಹೂಗಳನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. "ಹೋದ ವರ್ಷ ಮೇಲೆ ಎರಡು ಗಿಡ ಅವಸರ ಮಾಡಿ ಒಂದೊಂದು ಹೂ ಬಿಟ್ಟಿದ್ವು," ಎಂದಳು, ದನಿಯೇ ಇಲ್ಲದ ದನಿಯಲ್ಲಿ. "ತಂದು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಈ ಗಿಡಕ್ಕೆ ತನ್ನ ಪರಾಗ ತನಗೇ ಆಗಲ್ಲ, ಭಾವ. ಬೇರೆ ಗಿಡದ್ದು ಬಿದ್ರೆ ಮಾತ್ರ ಬೀಜ ಕಟ್ಟುತ್ತೆ. ಸೊಟ್ಟದ್ದೋ ಕುಳ್ಳದ್ದೋ, ಬೇರೆ ಆದ್ರೆ ಸಾಕು." ಅವಳು ನಮೂನೆಯನ್ನು ಅಲ್ಲೇ ಮಡಚಿದಳು. "ಇಪ್ಪತ್ತು ದಿನಕ್ಕೆ ಇವೆಲ್ಲ ಉದುರಿಹೋಗ್ತವೆ. ನಿಮ್ಮ ಹತ್ರ ಇರೋದು ನೂರ ನಲವತ್ತು ಕುಂಡ. ಗಿಡ ಒಂದೇ."